ಶುಗರ್ ಯಾರ ಪದ?

(1/3)

ಅಂಗಡೀಲಿ ಕೇಳೋದು ಸಕ್ಕರೆ, ಆಸ್ಪತ್ರೇಲಿ ಚೆಕ್ ಮಾಡ್ಸೋದು ಶುಗರ್. ಗಮನಿಸಿದ್ದೀರಾ? "ಅವರಿಗೆ ಶುಗರ್ ಐತೆ" ಅಂದ್ರೆ ಯಾರೂ ಅವರ ಮನೆಯ ಡಬ್ಬ ನೆನೆಸ್ಕೊಳ್ಳಲ್ಲ. ಇಂಗ್ಲಿಷಿನವರು ಪ್ರೀತಿಪಾತ್ರರನ್ನ "ಶುಗರ್" ಅಂತ ಕರೀತಾರೆ, ನಮ್ಮ ಕಡೆ ಹಂಗೆ ಕರೆದ್ರೆ ಮಾತ್ರೆ ಕೊಡ್ತಾರೆ! ಕಾಯಿಲೆಗೆ ಅವರಲ್ಲಿ ಡಯಾಬಿಟಿಸ್ ಅನ್ನೋ ಬೇರೆ ಪದ ಇದೆ. ನಾವು ಮಾತ್ರ ಸಿಹಿಗೆ ಕನ್ನಡ ಇಟ್ಕೊಂಡು, ಕಹಿಯನ್ನ ಇಂಗ್ಲಿಷಿಗೆ ದಾಟಿಸಿಬಿಟ್ಟಿದ್ದೀವಿ.

ತಮಾಷೆ ಏನಂದ್ರೆ, ಆ ಇಂಗ್ಲಿಷ್ ಪದ ಹೊರಟಿದ್ದೇ ನಮ್ಮ ದೇಶದಿಂದ.

ಸಂಸ್ಕೃತದ "ಶರ್ಕರಾ" ಪದಕ್ಕೆ ಸಣ್ಣ ಕಲ್ಲು, ನೊರಜು, ಮರಳು ಅನ್ನೋ ಅರ್ಥ ಇದೆ. ಸಿಹಿಯ ಸುಳಿವೇ ಇಲ್ಲ. ಕಬ್ಬಿನ ಗಿಡ ಮೂಲತಃ ನ್ಯೂಗಿನಿ ಕಡೆಯದು, ಆದ್ರೆ ಹಾಲನ್ನ ಕಾಯಿಸಿ ಹರಳು ಮಾಡೋ ವಿದ್ಯೆ ಬೆಳೆದದ್ದು ಭಾರತದಲ್ಲಿ. ಹಾಗೆ ಗಟ್ಟಿಯಾದ ಹರಳು ಕೈಗೆ ನೊರಜುಗಲ್ಲಿನ ಥರ ಸಿಕ್ಕಿತು, ಅದೇ ಹೆಸರು ಅಂಟಿಕೊಂಡಿತು. ಪ್ರಾಕೃತದಲ್ಲಿ ಅದು "ಸಕ್ಕರಾ" ಆಗಿ, ಕನ್ನಡಕ್ಕೆ "ಸಕ್ಕರೆ" ಬಂತು. ಇನ್ನು "ಕಲ್ಲುಸಕ್ಕರೆ" ಬಿಡಿಸಿ ನೋಡಿ: ಕಲ್ಲು + ಕಲ್ಲು. ನಮ್ಮ ಹಿರೀಕರಿಗೆ ಮೂಲ ಅರ್ಥ ಮರೆತೇ ಹೋಗಿತ್ತು ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಪದ ಪಶ್ಚಿಮಕ್ಕೆ ನಡೀತು. ಪರ್ಷಿಯನ್ನರ ಬಾಯಲ್ಲಿ ಶಕರ್, ಅರಬರಲ್ಲಿ ಸುಕ್ಕರ್, ಫ್ರೆಂಚರಲ್ಲಿ ಸುಕ್ರ್, ಕೊನೆಗೆ ಇಂಗ್ಲಿಷಿನಲ್ಲಿ ಶುಗರ್. ಗ್ರೀಕರು ಇನ್ನೂ ಮೊದಲೇ "ಸಾಕ್ಖರಾನ್" ಅಂತ ತಗೊಂಡಿದ್ರು. 1879ರಲ್ಲಿ ಕಂಡುಹಿಡಿದ ಸ್ಯಾಕರಿನ್‌ಗೆ ಹೆಸರು ಸಿಕ್ಕಿದ್ದು ಆ ದಾರಿಯಿಂದ. ಅಂದ್ರೆ ಶುಗರ್ ಇರೋರು ಸಕ್ಕರೆ ಬಿಟ್ಟು ಹಾಕ್ಕೊಳ್ಳೋ ಮಾತ್ರೆಯ ಹೆಸರಲ್ಲೂ ಸಕ್ಕರೇನೇ ಕೂತಿದೆ.

ಕಬ್ಬಿನ ವೈಜ್ಞಾನಿಕ ಹೆಸರು ಸ್ಯಾಕರಮ್ ಅಫಿಸಿನೇರಮ್. ಎರಡನೇ ಪದಕ್ಕೆ "ಔಷಧದ ಅಂಗಡಿಯ" ಅನ್ನೋ ಅರ್ಥ. ಯುರೋಪಿನಲ್ಲಿ ಒಂದು ಕಾಲಕ್ಕೆ ಸಕ್ಕರೆ ಮೆಡಿಕಲ್ ಸ್ಟೋರಿನ ಸರಕು ಕಣ್ರೋ!

(2/3)

ಈಗ ಕಬ್ಬಿನ ಇನ್ನೊಂದು ಮಗು, ಬೆಲ್ಲ. ಇಂಗ್ಲಿಷಿನಲ್ಲಿ ಜ್ಯಾಗರಿ. ಇದು ಎಲ್ಲಿಂದ ಬಂತು?

ಅದೇ ಶರ್ಕರಾ!

16ನೇ ಶತಮಾನದಲ್ಲಿ ನಮ್ಮ ಪಶ್ಚಿಮ ಕರಾವಳಿಗೆ ಬಂದ ಪೋರ್ಚುಗೀಸರು ಕೇಳಿಸ್ಕೊಂಡಿದ್ದನ್ನ "ಜಾಗರ" ಅಂದ್ರು. ಕೇಳಿಸಿದ್ದು ಮಲಯಾಳಂನ ಚಕ್ಕರ ಅಂತ ಕೆಲವು ನಿಘಂಟು ಹೇಳುತ್ತವೆ, ಕೆಲವು ಕನ್ನಡದ ಕಡೆಗೂ ಬೆರಳು ತೋರಿಸುತ್ತವೆ. ಇಂಗ್ಲಿಷರು ಅದನ್ನ ಪೋರ್ಚುಗೀಸರಿಂದ ತಗೊಂಡ್ರು. ಹಂಗಾಗಿ ಶುಗರ್ ಮತ್ತು ಜ್ಯಾಗರಿ ಒಂದೇ ತಾಯಿಯ ಮಕ್ಕಳು. ಒಬ್ಬಳು ಅರಬರ ಜೊತೆ ನೆಲದ ದಾರೀಲಿ ಹೋದಳು, ಇನ್ನೊಬ್ಬಳು ನೂರಾರು ವರ್ಷ ಆದ್ಮೇಲೆ ಹಡಗು ಹತ್ತಿದಳು. ಲಂಡನ್‌ನಲ್ಲಿ ಭೇಟಿಯಾದಾಗ ಯಾರೂ ಅವರನ್ನ ಅಕ್ಕತಂಗಿ ಅಂತ ಗುರುತಿಸಲಿಲ್ಲ. ಒಬ್ಬಳಿಗೆ ಟೀ ಟೇಬಲ್ಲು. ಇನ್ನೊಬ್ಬಳಿಗೆ 1886ರ ಹಾಬ್ಸನ್-ಜಾಬ್ಸನ್ ನಿಘಂಟಿನಲ್ಲಿ "ಒರಟು ಕಂದು ಸಕ್ಕರೆ" ಅನ್ನೋ ಪರಿಚಯ.

ಬೆಲ್ಲ ಸಕ್ಕರೆಯ ಒರಟು ರೂಪ ಅಂತ ನಮ್ಮ ಭಾಷೆ ಯಾವತ್ತೂ ಹೇಳಿಲ್ಲ. "ಬೆಲ್ಲ" ಅಪ್ಪಟ ದ್ರಾವಿಡ ಪದ, ತಮಿಳಲ್ಲಿ ವೆಲ್ಲಂ, ತೆಲುಗಲ್ಲಿ ಬೆಲ್ಲಂ. ಇಷ್ಟು ಒಳ್ಳೆ ಪದ ಇದ್ರೂ ಹಡಗು ಹತ್ತಲಿಲ್ಲ ಅನ್ನೋದು ನನಗೆ ಸಣ್ಣ ಬೇಜಾರು. ಕಾಸರಗೋಡಿನ ಕಡೆ ಸ್ನೇಹಿತರಿದ್ರೆ ಕೇಳಿ ನೋಡಿ. ಮಲಯಾಳಂ ಅಂಗಡೀಲಿ "ಶರ್ಕರ" ಅಂದ್ರೆ ಬೆಲ್ಲ ಕೊಡ್ತಾರೆ, ಸಕ್ಕರೆ ಬೇಕಾದ್ರೆ "ಪಂಚಸಾರ" ಅನ್ನಬೇಕು.

(3/3)

ಈ ಅಕ್ಕತಂಗಿಯರು ವಾಪಸ್ ಬಂದು ಎದುರುಬದುರು ನಿಂತ ಜಾಗ ನಮ್ಮ ಸಿಂಧಘಟ್ಟದಿಂದ ತುಂಬಾ ದೂರ ಇಲ್ಲ. ಶ್ರೀರಂಗಪಟ್ಟಣದ ಪಕ್ಕದ ಪಾಲಹಳ್ಳಿ.

1847ರಲ್ಲಿ ಅಲ್ಲಿ ಅಷ್ಟಗ್ರಾಮ ಸಕ್ಕರೆ ಕಾರ್ಖಾನೆ ಶುರುವಾಯ್ತು. ಅದರ ಕೆಲಸ ಏನು ಗೊತ್ತಾ? ರೈತರು ಆಲೆಮನೇಲಿ ಮಾಡಿದ ಬೆಲ್ಲ ತಗೊಂಡು, ಅದನ್ನ ಶುದ್ಧ ಮಾಡಿ ಬಿಳಿ ಸಕ್ಕರೆ ತೆಗೆಯೋದು. ಒಂದು ಬಾಗಿಲಲ್ಲಿ ಜ್ಯಾಗರಿ ಒಳಗೆ, ಇನ್ನೊಂದು ಬಾಗಿಲಲ್ಲಿ ಶುಗರ್ ಹೊರಗೆ. 1851ರ ಲಂಡನ್ ಮಹಾ ಪ್ರದರ್ಶನದಲ್ಲಿ ಈ ಸಕ್ಕರೆಗೆ ಬಹುಮಾನವೂ ಬಂತು. ಪದಕ ಶುಗರಿಗೆ. ಕಬ್ಬು ಕಡಿದು, ಗಾಣ ತಿರುಗಿಸಿ, ಕೊಪ್ಪರಿಗೆ ಮುಂದೆ ರಾತ್ರಿಯೆಲ್ಲ ಉರಿ ಹಾಕಿದವರ ಹೆಸರು ಯಾವ ಪಟ್ಟೀಲೂ ಇಲ್ಲ.

ಆಮೇಲಿನದು ನಿಮಗೆ ಗೊತ್ತಿರೋದೇ. 1911ರಲ್ಲಿ ಕನ್ನಂಬಾಡಿ ಕಟ್ಟೆ ಕೆಲಸ ಶುರು, ನಾಲೆ ಬಂತು, ಕಬ್ಬು ಹಬ್ಬಿತು. 1933ರಲ್ಲಿ ಮಂಡ್ಯದಲ್ಲಿ ಮೈಶುಗರ್. ಅದರ ಹಿಂದೆ ಕೃಷಿ ಇಲಾಖೆಯಲ್ಲಿದ್ದ ಕೆನಡಾದ ಲೆಸ್ಲಿ ಕೋಲ್ಮನ್ ಇದ್ದರು. ಜಿಲ್ಲೆಗೆ "ಸಕ್ಕರೆ ನಾಡು" ಅನ್ನೋ ಬಿರುದೂ ಬಂತು. "ಬೆಲ್ಲದ ನಾಡು" ಅಂತ ಯಾಕೆ ಆಗಲಿಲ್ಲ, ಒಂದ್ಸಲ ಯೋಚಿಸಿ. ಆಲೆಮನೆಗಳು ಕಾರ್ಖಾನೆಗಿಂತ ಹಳೇವು, ಈಗಲೂ ಹೊಗೆ ಆಡ್ತಾ ಇವೆ.

ಆದ್ರೆ ಆ ಹೊಗೆಯ ಕೆಳಗೆ ಈಗ ಏನು ನಡೀತಾ ಇದೆ ನೋಡಿ. ಗಿರಾಕಿಗೆ ಬೆಳ್ಳಗಿನ, ಹೊಳೆಯೋ ಅಚ್ಚು ಬೇಕು. ಕಪ್ಪು ಬೆಲ್ಲಕ್ಕೆ ರೇಟು ಇಲ್ಲ. ಹಂಗಾಗಿ ಕೆಲವು ಕಡೆ ಕೊಪ್ಪರಿಗೆಗೆ ಬಣ್ಣ ತಿಳಿಯಾಗಿಸೋ ಹೈಡ್ರೋಸ್ ಪುಡಿ ಬೀಳುತ್ತೆ, ಜೊತೆಗೆ ಮೂಟೆಗಟ್ಟಲೆ ಸಕ್ಕರೇನೂ ಬೀಳುತ್ತೆ. ಪಾಲಹಳ್ಳೀಲಿ ಬೆಲ್ಲ ಕರಗಿಸಿ ಸಕ್ಕರೆ ಮಾಡ್ತಿದ್ರು, ಈಗ ಸಕ್ಕರೆ ಕರಗಿಸಿ ಬೆಲ್ಲ! ನಿಘಂಟು ಬರೆದವರು ಬೆಲ್ಲವನ್ನ "ಒರಟು" ಅಂದಿದ್ದನ್ನ ನಾವೇ ನಂಬಿಬಿಟ್ಟಿದ್ದೀವಿ ಅನ್ಸುತ್ತೆ. ಇದಕ್ಕೆ ರೈತನನ್ನ ಬೈಯೋದು ಸುಲಭ. ಸಂತೇಲಿ ಬಿಳೀ ಅಚ್ಚನ್ನೇ ಆರಿಸಿ ತಗೊಳ್ಳೋರು ಯಾರು? ನಾವೂ ನೀವೂ.

ಇವತ್ತು ಮನೇಲಿ ಬೆಲ್ಲ ತಂದ್ರೆ ಅದರ ಬಣ್ಣ ಏನು, ಕಾಮೆಂಟಲ್ಲಿ ಹಾಕಿ. ಹೂರಣಕ್ಕೆ ಕಪ್ಪು ಬೆಲ್ಲಾನೇ ಬೇಕು ಅನ್ನೋ ಅಜ್ಜಿ ಇದ್ರೆ ಅವರನ್ನ ಟ್ಯಾಗ್ ಮಾಡೋಕಾಗಲ್ಲ, ಓದಿ ಹೇಳಿ.

ಮುಂದಿನ ಪದ: ರಾಕೆಟ್. ಅದಕ್ಕೂ ಶ್ರೀರಂಗಪಟ್ಟಣಕ್ಕೇ ಹೋಗಬೇಕು.

#ಪದದಜಾಡು #ಶುಗರ್ #ಬೆಲ್ಲ #ಆಲೆಮನೆ #ಪಾಲಹಳ್ಳಿ #ಸಿಂಧಘಟ್ಟ #ಮಂಡ್ಯ