ಕೋವಿ ಹಿಡಿದ ಕೈ: ರಕ್ಷೆ ಮತ್ತು ಸ್ಪರ್ಶ

ಆಯುಧಗಳ ಚರಿತ್ರೆಯಲ್ಲಿ ಕತ್ತಿ, ಕೋವಿ, ಫಿರಂಗಿಗಳಿಗೆ ದೊರೆತ ಗಮನ ಅವುಗಳನ್ನು ಹಿಡಿದ ಕೈಯ ರಕ್ಷೆಗೆ ದೊರೆತುದು ಕಡಿಮೆ. ಕೋವಿಯ ಶಿಕ್ಷಣ ಪಡೆಯುವವನಿಗೆ ಎಂತಹ ಕೈಗವಸು ತಕ್ಕುದೆಂಬ ಇಂದಿನ ಪ್ರಶ್ನೆಗೆ ಆ ಚರಿತ್ರೆಯೇ ಉತ್ತರವನ್ನು ಸೂಚಿಸುತ್ತದೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಸೀಮೆಯನ್ನು ಮುಂದಿಟ್ಟುಕೊಂಡು ಇದನ್ನು ಸಂಕ್ಷೇಪವಾಗಿ ವಿವೇಚಿಸುವುದು ನಮ್ಮ ಉದ್ದೇಶ.

ಈ ಸೀಮೆ ಆಯುಧಗಳಿಗೆ ಹೊಸತಲ್ಲ. ಚಿಕ್ಕನಾಯಕನಹಳ್ಳಿಗೆ ಹೆಸರು ಬಂದುದು ಹಾಗಲವಾಡಿಯ ಪಾಳೆಯಗಾರರ ವಂಶದ ಚಿಕ್ಕನಾಯಕನಿಂದ. 1791ರಲ್ಲಿ ಶ್ರೀರಂಗಪಟ್ಟಣದತ್ತ ನಡೆದಿದ್ದ ಪರಶುರಾಮಭಾವುವಿನ ಮರಾಠಾ ಸೈನ್ಯ ಈ ಊರನ್ನು ಕೊಳ್ಳೆಹೊಡೆಯಿತು. ಅದು ಕತ್ತಿ, ಕೋವಿಗಳೆರಡೂ ಒಂದೇ ರಣದಲ್ಲಿ ಬಳಕೆಯಲ್ಲಿದ್ದ ಕಾಲ.

ಕತ್ತಿಯ ಕಾಳಗಕ್ಕೆ ದಖ್ಖನಿನ ಸರದಾರರು ‘ದಸ್ತಾನ’ ಎಂಬ ಕೈರಕ್ಷೆಯನ್ನು ಧರಿಸುತ್ತಿದ್ದರು. ಪಾರ್ಸಿಯಲ್ಲಿ ‘ದಸ್ತ್’ ಎಂದರೆ ಕೈ. ಮುಂದೋಳಿಗೆ ಉಕ್ಕಿನ ತಗಡು, ಹಸ್ತದ ಹಿಂಬದಿಗೆ ಸರಪಣಿಯ ಜಾಲ ಅಥವಾ ದಪ್ಪ ಬಟ್ಟೆ. ಅಂಗೈ ಮಾತ್ರ ಸಾಮಾನ್ಯವಾಗಿ ತೆರೆದೇ ಇರುತ್ತಿತ್ತು. ಪೆಟ್ಟು ಬೀಳುವುದು ಹಿಂಬದಿಗೆ, ಹಿಡಿತವಿರುವುದು ಅಂಗೈಯಲ್ಲಿ ಎಂಬ ವಿವೇಕ ಇದರಲ್ಲಿ ಸ್ಪಷ್ಟವಾಗಿದೆ.

ಕೋವಿಯಾದರೋ ಬೇರೆಯ ಅಪಾಯವನ್ನು ತಂದಿತು. ಬತ್ತಿಕೋವಿಯಲ್ಲಿ ಉರಿಯುವ ಬತ್ತಿ, ಚಕಮಕಿ ಕೋವಿಯಲ್ಲಿ ಕಿಡಿ, ಎರಡರಲ್ಲಿಯೂ ಭಗ್ಗೆನ್ನುವ ರಂಜಕ. ಆದರೆ ರಂಜಕ ಸುರಿಯುವುದು, ಬತ್ತಿ ಸರಿಪಡಿಸುವುದು, ಟ್ರಿಗರ್ ಎಳೆಯುವುದು ಬೆರಳ ತುದಿಯ ಕೆಲಸಗಳು. ಉಕ್ಕಿನ ರಕ್ಷೆ ಇಲ್ಲಿ ನಿರುಪಯೋಗಿ. ರಕ್ಷೆ ಮತ್ತು ಸ್ಪರ್ಶಗಳ ವಿರೋಧ ಹೀಗೆ ಮೊದಲಾಯಿತು, ಇಂದಿಗೂ ತೀರಿಲ್ಲ. ಹಿಮಪ್ರದೇಶದ ಸೈನಿಕರಿಗೆ ತೋರುಬೆರಳನ್ನು ಪ್ರತ್ಯೇಕಿಸಿದ ಕೈಚೀಲಗಳನ್ನು ಹೊಲಿಯುವುದೂ ಇದೇ ಕಾರಣದಿಂದ.

ಕಾಲೇಜುಗಳಿಗೆ ಈ ವಿಷಯ ದೂರದ್ದಲ್ಲ. 1948ರ ಕಾಯಿದೆಯಿಂದ ಸ್ಥಾಪಿತವಾದ ಎನ್.ಸಿ.ಸಿ., 1963ರಲ್ಲಿ ಕಡ್ಡಾಯವಾಗಿ 1968ರಲ್ಲಿ ಮತ್ತೆ ಐಚ್ಛಿಕವಾಯಿತು. ಅದರ ಶಿಬಿರಗಳಲ್ಲಿ .22 ರೈಫಲಿನ ಅಭ್ಯಾಸವಿದೆ. ಇಂತಹ ರೈಫಲಿನ ಸ್ಪರ್ಧೆಗಳಲ್ಲಿ ಕೈಗವಸು ಮುಖ್ಯವಾಗಿ ಕೋವಿಯನ್ನು ಹೊರುವ ಕೈಗೆ. ಪಟ್ಟಿಯ ಬಿಗಿತವನ್ನೂ ಭಾರವನ್ನೂ ತಾಳುವುದು ಆ ಕೈ. ಅಂತಾರಾಷ್ಟ್ರೀಯ ನಿಯಮದಂತೆ ಗವಸಿನ ಎರಡೂ ಬದಿ ಸೇರಿ ದಪ್ಪ 12 ಮಿಲಿಮೀಟರನ್ನು ಮೀರಕೂಡದು.

ಪೊಲೀಸ್ ಮತ್ತು ಸೈನಿಕ ಶಿಕ್ಷಣದಲ್ಲಿ ಎರಡೂ ಕೈಗಳಿಗೆ ಗವಸು ಬೇಕಾಗಬಹುದು. ಸತತವಾಗಿ ಹಾರಿಸಿದಾಗ ನಳಿಗೆ ಕಾಯುತ್ತದೆ. ಹೊರಬೀಳುವ ತೋಟಾಕೋಶವೂ ಬಿಸಿಯೇ. ಕಾವಿಗೆ ಕರಗುವ ಕೃತಕ ನೂಲಿಗಿಂತ ತೆಳುವಾದ ಚರ್ಮ ಮೇಲು. ನಮ್ಮ ಸೀಮೆಯ ಸೆಕೆಯಲ್ಲಿ ಅಂಗೈ ಬೆವರುವುದರಿಂದ ಹಿಂಬದಿಗೆ ಗಾಳಿಯಾಡುವ ಬಟ್ಟೆಯಿರಬೇಕು. ಬೆರಳ ತುದಿಯಲ್ಲಿ ಬಟ್ಟೆ ಸಡಿಲವಾಗಿ ಮಡಿಸಿಕೊಂಡರೆ ಅದು ಟ್ರಿಗರಿಗೆ ತಗುಲಿ, ಹಾರಿಸುವ ಇಚ್ಛೆಯಿಲ್ಲದೆಯೇ ಗುಂಡು ಹಾರುವ ಭಯವುಂಟು.

ಅಟ್ಟದಲ್ಲಿ ತಿಂಗಳುಗಟ್ಟಲೆ ಒಣಗಿದ ಕಾಯನ್ನು ಅಲುಗಿಸಿ, ಒಳಗೆ ಕೊಬ್ಬರಿ ಬಿಟ್ಟಿದೆಯೇ ಎಂದು ತಿಳಿಯುವುದು ನಮ್ಮ ರೈತನ ಕೈ. ಕೋವಿ ಹಿಡಿದ ಕೈಗೂ ಅಂತಹ ಅರಿವು ಉಳಿದಿರಬೇಕು. ಆದುದರಿಂದ ಗವಸನ್ನು ಕೊಳ್ಳುವ ಮೊದಲು ಅದನ್ನು ತೊಟ್ಟು, ಶಿಕ್ಷಕರ ಸಮಕ್ಷಮದಲ್ಲಿ ಬರಿದಾದ ಕೋವಿಯ ಬೋಲ್ಟನ್ನೂ ಸುರಕ್ಷಾ ಕೀಲನ್ನೂ ಆಡಿಸಿ ನೋಡತಕ್ಕದ್ದು. ಟ್ರಿಗರಿನ ಮೊದಲ ಬಿಗಿತ ಬೆರಳಿಗೆ ತಿಳಿಯದಿದ್ದರೆ ಆ ಗವಸು ಎಷ್ಟೇ ಗಟ್ಟಿಯಾಗಿದ್ದರೂ ತ್ಯಾಜ್ಯ. ಅದು ಕಾಯುವುದು ತೊಟ್ಟವನ ಚರ್ಮವನ್ನು ಮಾತ್ರ. ಪಕ್ಕದಲ್ಲಿ ನಿಂತವನ ಪ್ರಾಣವನ್ನು ಕಾಯುವುದು ಬೆರಳಿನ ಎಚ್ಚರ.