ಬಾದಾಮಿಯ ನಾಡಿನ ಮಧುಪಾನವೂ ಬ್ರಾಂದಿಯೆಂಬ ಪದವೂ

ಬಾದಾಮಿಯ ಮೂರನೆಯ ಗುಹಾಲಯವು ಶಕವರ್ಷ 500ರಲ್ಲಿ, ಎಂದರೆ ಕ್ರಿ. ಶ. 578ರಲ್ಲಿ, ಮಂಗಲೇಶನಿಂದ ಸಿದ್ಧವಾಯಿತು. ಅದರ ಕಂಬಗಳ ಮೇಲಣ ಮದನಕೈಗಳಲ್ಲಿ ಮರದ ನೆಳಲಿನಲ್ಲಿ ನಿಂತ ಮಿಥುನಗಳು ಕಾಣಬರುತ್ತವೆ. ಬಳುಕಿದ ಮೈಯ ಸ್ತ್ರೀಯನ್ನು ಸಂಗಾತಿಯು ಆತುಕೊಂಡಿರುವ ರೂಪಗಳನ್ನು ಕಂಡು, ಇವಳು ಪಾನಮತ್ತೆಯೆಂದು ಹೇಳುವುದುಂಟು. ಇದು ಯುಕ್ತವೆಂದೇ ಇಟ್ಟುಕೊಳ್ಳೋಣ. ಆದರೆ ಅವಳು ಕುಡಿದುದು ಏನು? ಪ್ರಾಚೀನಕಾವ್ಯಗಳನ್ನು ಪಾಠಹೇಳುವಾಗ ಮಧು, ಸೀಧು, ಆಸವ, ಸುರೆ ಎಂಬ ಎಲ್ಲ ಪದಗಳಿಗೂ ಸಾರಾಯಿಯೆಂದೋ ಬ್ರಾಂದಿಯೆಂದೋ ಒಂದೇ ಅರ್ಥವನ್ನು ಬರೆದುಬಿಡುವ ರೂಢಿಯು ಈ ಪ್ರಶ್ನೆಯನ್ನು ಮುಚ್ಚಿಹಾಕುತ್ತದೆ. ಪದಗಳ ಭೇದವನ್ನು ಬಿಟ್ಟರೆ ಪಾನದ ರುಚಿಯೂ ಬೆಲೆಯೂ ಎರಡೂ ತಿಳಿಯದೆ ಹೋಗುತ್ತವೆ.

ಮನುಸ್ಮೃತಿಯು ಸುರೆಯನ್ನು ಗೌಡೀ, ಪೈಷ್ಟೀ, ಮಾಧ್ವೀ ಎಂದು ಮೂರಾಗಿ ವಿಂಗಡಿಸುತ್ತದೆ. ಬೆಲ್ಲದಿಂದಾದುದು ಗೌಡೀ, ಹಿಟ್ಟಿನಿಂದಾದುದು ಪೈಷ್ಟೀ. ಮಾಧ್ವಿಯು ಇಪ್ಪೆಯ ಹೂವಿನದೋ ಜೇನಿನದೋ ದ್ರಾಕ್ಷಿಯದೋ ಎಂಬಲ್ಲಿ ವ್ಯಾಖ್ಯಾತೃಗಳು ಏಕಮತರಲ್ಲ. ವಿಭಾಗವು ಮೂಲದ್ರವ್ಯವನ್ನು ಅನುಸರಿಸಿದೆಯೇ ಹೊರತು ಮದದ ಬಲವನ್ನಲ್ಲ ಎಂಬುದು ಇಲ್ಲಿ ಗಮನಾರ್ಹವಾದುದು. ಮಧುಶಬ್ದವು ಜೇನು, ವಸಂತ, ದ್ರಾಕ್ಷಾಮದ್ಯ ಎಂಬ ಅರ್ಥಗಳಲ್ಲಿ ಸಲ್ಲುತ್ತದೆ. ಮದ್ಯ, ಮಾಂಸ, ಮಧು ಎಂಬ ಮೂರನ್ನೂ ತ್ಯಜಿಸಬೇಕೆಂಬ ಜೈನಶ್ರಾವಕಾಚಾರದಲ್ಲಿ ಮದ್ಯವು ಬೇರೆ, ಮಧುವು ಬೇರೆ. ಅಲ್ಲಿ ಮಧುವೆಂದರೆ ಜೇನೇ. ಕಾಳಿದಾಸನ ರಘುವಂಶದ ನಾಲ್ಕನೆಯ ಸರ್ಗದಲ್ಲಾದರೋ ರಘುವಿನ ಯೋಧರು ಪಾರಸೀಕರ ದ್ರಾಕ್ಷಿಯ ತೋಟಗಳಲ್ಲಿ ಕುಡಿಯುವ ಮಧುವು ನಿಸ್ಸಂದೇಹವಾಗಿ ದ್ರಾಕ್ಷಾಮದ್ಯ. ಅದೇ ಸರ್ಗದಲ್ಲಿ ಕಳಿಂಗದೇಶದಲ್ಲಿ ಅವರು ಕುಡಿದುದು ತೆಂಗಿನ ಆಸವ. ಒಂದೊಂದು ನಾಡಿಗೆ ಒಂದೊಂದು ಪಾನವೆಂಬ ವಿವೇಕವು ಕವಿಗಿದ್ದಿತು.

ಬೆಲೆಯ ವಿಚಾರದಲ್ಲಿ ಕೌಟಿಲ್ಯನನ್ನು ನೋಡಬೇಕು. ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಬಂದ ತಾಳೆಯೋಲೆಯ ಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ಸುರಾಧ್ಯಕ್ಷನ ಪ್ರಕರಣವಿದೆ. ಮೇದಕ, ಪ್ರಸನ್ನಾ, ಆಸವ, ಅರಿಷ್ಟ, ಮೈರೇಯ, ಮಧು ಎಂಬ ಆರು ಬಗೆಗಳನ್ನು ಅಲ್ಲಿ ಅಳತೆಸಹಿತವಾಗಿ ಹೇಳಿದೆ. ಮೇದಕಕ್ಕೆ ಒಂದು ದ್ರೋಣ ನೀರು, ಅರ್ಧ ಆಢಕ ಅಕ್ಕಿ, ಮೂರು ಪ್ರಸ್ಥ ಕಿಣ್ವ. (ಈ ಕಿಣ್ವವೆಂಬ ಪದವೇ ಈಗ ಕನ್ನಡದ ವಿಜ್ಞಾನಪಠ್ಯಗಳಲ್ಲಿ ಎನ್ಜೈಮಿಗೆ ಹೆಸರಾಗಿ ನಿಂತಿರುವುದು ಸಂತೋಷದ ಸಂಗತಿ.) ಮಧುವೆಂದರೆ ದ್ರಾಕ್ಷಾರಸವೆಂದು ಹೇಳಿ, ಹುಟ್ಟಿದ ನಾಡಿನಿಂದ ಕಾಪಿಶಾಯನ, ಹಾರಹೂರಕ ಎಂಬ ಹೆಸರುಗಳನ್ನು ಕೊಟ್ಟಿದೆ. ಮದ್ಯವನ್ನು ಸಲ್ಲುವ ಬೆಲೆಗಿಂತ ಕಡಿಮೆಗೆ ಮಾರಬಾರದು. ಕೆಟ್ಟ ಸುರೆಗೆ ಮಾತ್ರ ಈ ನಿಯಮವಿಲ್ಲ. ಅದನ್ನು ಬೇರೆಡೆ ಮಾರಿಸಬೇಕು, ಇಲ್ಲವೆ ಕೆಲಸದಾಳುಗಳಿಗೆ ಕೂಲಿಯಾಗಿ ಕೊಡಬೇಕು. ಅಗ್ಗವೆಂಬುದೇ ದೋಷದ ಗುರುತಾಗಿದ್ದ ಕಾಲವದು. ಕೆಟ್ಟುದನ್ನು ದುಡಿದವನ ಕೂಲಿಗೆ ಹಾಕಿದ ನೀತಿಯನ್ನು ಮಾತ್ರ ಯಾರೂ ಕೊಂಡಾಡಲಾರರು.

ಚಾಲುಕ್ಯರ ನಾಡಿಗೇ ಮರಳಿದರೆ, ಹುನಗುಂದ ತಾಲ್ಲೂಕಿನ ಐಹೊಳೆಯ ಮೇಗುತಿಯ ಶಾಸನವು (ಕ್ರಿ. ಶ. 634) ವಿಚಾರಕ್ಕೆ ಒಳ್ಳೆಯ ಎಡೆ. ಅದನ್ನು ರಚಿಸಿದ ರವಿಕೀರ್ತಿಯು ಜೈನನು. ಕಾಳಿದಾಸ ಭಾರವಿಗಳ ಕೀರ್ತಿಗೆ ತನ್ನ ಕೀರ್ತಿಯನ್ನು ಸಮಾನವೆಂದು ಹೇಳಿಕೊಂಡವನು. ಭಾರವಿಯ ಕಿರಾತಾರ್ಜುನೀಯದ ಒಂಬತ್ತನೆಯ ಸರ್ಗದಲ್ಲಿ ಮಧುಪಾನವರ್ಣನೆಯುಂಟು. ಮದ್ಯವನ್ನು ವ್ರತದಿಂದ ಬಿಟ್ಟವನು ಮಧುಪಾನವನ್ನು ವರ್ಣಿಸಿದ ಕವಿಗಳನ್ನು ಆದರ್ಶವಾಗಿ ಹಿಡಿದುದರಲ್ಲಿ ವಿರೋಧವೇನೂ ಇಲ್ಲ. ದಂಡಿಯು ಕಾವ್ಯಾದರ್ಶದಲ್ಲಿ ಮಹಾಕಾವ್ಯದ ವರ್ಣನಾಂಗಗಳನ್ನು ಹೇಳುತ್ತ ಉದ್ಯಾನ ಜಲಕ್ರೀಡೆಗಳೊಡನೆ ಮಧುಪಾನವನ್ನೂ ಸೇರಿಸಿದನು. ಜೈನನಾದ ಪಂಪನು ವಿಕ್ರಮಾರ್ಜುನವಿಜಯದಲ್ಲಿ ಪಾನಗೋಷ್ಠಿಯನ್ನು ವರ್ಣಿಸಿದುದು ಈ ಸಂಪ್ರದಾಯದಿಂದಲೇ. ಅಲ್ಲಿಯ ರಸವು ಪಾತ್ರೆ, ಪರಿಮಳ, ತೊದಲುನುಡಿ, ಜೊತೆಗಾರರ ಮೇಳ ಇವುಗಳಲ್ಲಿದೆ. ಎಷ್ಟು ಬೇಗ ತಲೆಗೇರಿತೆಂಬ ಲೆಕ್ಕವು ಕಾವ್ಯಕ್ಕೆ ಬೇಕಿರಲಿಲ್ಲ.

ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು ಸುಮಾರು 1129ರಲ್ಲಿ ರಚಿಸಿದ ಮಾನಸೋಲ್ಲಾಸವು ಈ ದೃಷ್ಟಿಯನ್ನು ಇನ್ನೂ ಸ್ಪಷ್ಟಪಡಿಸುತ್ತದೆ. ಐದು ವಿಂಶತಿಗಳ ಈ ಗ್ರಂಥದಲ್ಲಿ ಕುಡಿಯುವ ನೀರಿನ ವಿಚಾರವು ಪಾನೀಯಭೋಗವೆಂದು ಉಪಭೋಗವಿಂಶತಿಯಲ್ಲಿ ಬರುತ್ತದೆ. ಮದಿರಾಪಾನವಾದರೋ ಕ್ರೀಡಾವಿಂಶತಿಯಲ್ಲಿ, ವನಕ್ರೀಡೆ, ಪ್ರಹೇಲಿಕೆ, ಚದುರಂಗ ಇವುಗಳ ಸಾಲಿನಲ್ಲಿ. ನೀರು ದೇಹಕ್ಕೆ, ಮದಿರೆ ವಿನೋದಕ್ಕೆ ಎಂಬುದೇ ಈ ವಿಂಗಡಣೆಯ ತಾತ್ಪರ್ಯ.

ಈ ಪಾನಗಳಲ್ಲಿ ಯಾವುದನ್ನೂ ಬ್ರಾಂದಿಯೆನ್ನಲಾಗದು. ಹುಳಿಯಿಸಿದ ರಸದಲ್ಲಿ ಮದ್ಯಸಾರವು ಸಾಮಾನ್ಯವಾಗಿ ನೂರಕ್ಕೆ 15 ಭಾಗವನ್ನು ಮೀರುವುದಿಲ್ಲ. ಅಷ್ಟರಲ್ಲಿ ಹುಳಿಯಿಸುವ ಜೀವಾಣುವೇ ಸೋಲುತ್ತದೆ. ಮದ್ಯಸಾರವು ನೀರಿಗಿಂತ ಮೊದಲು, 78 ಡಿಗ್ರಿಯ ಸುಮಾರಿನಲ್ಲಿ, ಆವಿಯಾಗುವುದರಿಂದ ಆ ಆವಿಯನ್ನು ತಣಿಸಿ ಹಿಡಿದರೆ ಬಲವು ಹೆಚ್ಚುತ್ತದೆ. ಭಟ್ಟಿಯಿಳಿಸುವುದೆಂದರೆ ಇದೇ. ದ್ರಾಕ್ಷಾಮದ್ಯವನ್ನು ಹೀಗೆ ಇಳಿಸಿದುದು ಬ್ರಾಂದಿ; ಡಚ್ಚರ ನುಡಿಯಲ್ಲಿ ಆ ಪದಕ್ಕೆ ‘ಸುಟ್ಟ ಮದ್ಯ’ವೆಂದರ್ಥ. ಅಮರಕೋಶದ ಪರಿಸ್ರುತ್ ಎಂಬ ಪದದಲ್ಲಿ ಸ್ರು ಧಾತುವಿರುವುದನ್ನು ನೋಡಿ ಭಟ್ಟಿಯ ಪರಿಜ್ಞಾನವನ್ನು ಊಹಿಸುವುದು ಆತುರದ ಮಾತು. ಆ ಪದವು ಅಥರ್ವವೇದದಲ್ಲಿಯೇ ಇದೆ. ಸೋರುವುದೂ ಸೋಸುವುದೂ ಕಾಯಿಸಿ ಇಳಿಸುವುದಲ್ಲ. ರಸಶಾಸ್ತ್ರದ ತಿರ್ಯಕ್ಪಾತನಯಂತ್ರವು ಆವಿಯನ್ನು ಹಿಡಿಯುವ ಉಪಾಯವೇ ಸರಿ, ಆದರೆ ಅದನ್ನು ಹೇಳಿದುದು ಪಾದರಸದ ಶುದ್ಧಿಗಾಗಿ.

ಇನ್ನು ಇಂದಿನ ಬಾಗಲಕೋಟೆ ಜಿಲ್ಲೆಯಲ್ಲಿ ಕಬ್ಬೂ ದ್ರಾಕ್ಷಿಯೂ ಎರಡೂ ಬೆಳೆಯುತ್ತವೆ. ಮುಧೋಳ ಜಮಖಂಡಿಗಳ ಸೀಮೆಯು ಸಕ್ಕರೆ ಕಾರ್ಖಾನೆಗಳದು. 2007ರ ದ್ರಾಕ್ಷಾಮದ್ಯನೀತಿಯು ಕೃಷ್ಣಾತೀರವನ್ನು ದ್ರಾಕ್ಷಿಯ ನಾಡೆಂದು ಎಣಿಸಿತು. ಅದೇ ವರ್ಷದ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿಯು ನಿಷಿದ್ಧವಾಗಲು, ಬಡವನ ಕೈಗೆ ಮುದ್ರೆಯೊತ್ತಿದ ಅಗ್ಗದ ವಿಸ್ಕಿ, ಬ್ರಾಂದಿ, ರಮ್ಮುಗಳು ಬಂದವು. ಇವುಗಳಲ್ಲಿ ಮದ್ಯಸಾರವು ಪ್ರಾಯಶಃ ನೂರಕ್ಕೆ 42.8. ಅಗ್ಗದ ಬ್ರಾಂದಿಯಲ್ಲಿ ಬಹುಭಾಗವು ಕಾಕಂಬಿಯಿಂದ ಇಳಿಸಿದ ಸಾರ; ಅದಕ್ಕೆ ದ್ರಾಕ್ಷಾಬ್ರಾಂದಿಯ ಅಲ್ಪಾಂಶವನ್ನು ಬೆರೆಸಿದರೂ ಆ ಹೆಸರು ಸಲ್ಲುತ್ತದೆ. ಮನುವಿನ ವಿಭಾಗದಂತೆ ನೋಡಿದರೆ ಇದರ ಹೆಸರು ದ್ರಾಕ್ಷಿಯದು, ಕುಲವು ಗೌಡಿಯದು. ಅಪ್ಪಟ ದ್ರಾಕ್ಷಿಯಿಂದ ಇಳಿಸಿ ಮರದ ಪೀಪಾಯಿಯಲ್ಲಿ ವರ್ಷಗಟ್ಟಲೆ ಮಾಗಿಸಿದುದಕ್ಕೆ ಹೆಚ್ಚು ಬೆಲೆ ತೆರುವುದು ನ್ಯಾಯ. ಬಣ್ಣವನ್ನೂ ವಾಸನೆಯನ್ನೂ ಕೂಡಿಸಿದ ಕಾಕಂಬಿಯ ಸಾರಕ್ಕೆ ಆ ಬೆಲೆಯನ್ನು ತೆರುವವನು ಹೆಸರನ್ನು ಕೊಂಡನೇ ಹೊರತು ಪಾನವನ್ನಲ್ಲ.

ಆದುದರಿಂದ ಟಿಪ್ಪಣಿಕಾರರು ಮಧುವಿಗೆ ಪ್ರಕರಣಾನುಸಾರವಾಗಿ ಜೇನು ಅಥವಾ ದ್ರಾಕ್ಷಾಮದ್ಯವೆಂದೂ, ಸೀಧುವಿಗೆ ಕಬ್ಬಿನ ರಸದ ಮದ್ಯವೆಂದೂ, ಆಸವಕ್ಕೆ ಹುಳಿಯಿಸಿದ ಪಾನವೆಂದೂ ಬರೆಯುವುದು ಉಚಿತ. ಸಾರಾಯಿ ಬ್ರಾಂದಿಗಳನ್ನು ಭಟ್ಟಿಯಿಳಿಸಿದ ಪಾನಗಳಿಗೇ ಬಿಡಬೇಕು.