ಆದವಾನಿಯ ಜನ ಯಾರು? ಒಂದು ಗಡಿಪಟ್ಟಣದ ಕುಲ, ನೆಲೆ, ನುಡಿಗಳ ಚರಿತ್ರೆ



1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಉದಯಿಸಿದಾಗ ಅಂದಿನ ಬಳ್ಳಾರಿ ಜಿಲ್ಲೆ ಒಡೆಯಿತು. ಹತ್ತು ತಾಲ್ಲೂಕುಗಳ ಪೈಕಿ ಏಳು ಮೈಸೂರು ರಾಜ್ಯಕ್ಕೆ ಬಂದವು. ಆದವಾನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೆ ಸಂದವು. ಆದವಾನಿ, ಆಲೂರುಗಳನ್ನು ಕರ್ನೂಲು ಜಿಲ್ಲೆಗೂ ರಾಯದುರ್ಗವನ್ನು ಅನಂತಪುರ ಜಿಲ್ಲೆಗೂ ಕೂಡಿಸಲಾಯಿತು. ಇಡೀ ತಾಲ್ಲೂಕನ್ನು ಒಂದು ಘಟಕವೆಂದು ಹಿಡಿದು, ಅಲ್ಲಿ ಯಾವ ನುಡಿಯವರು ಹೆಚ್ಚೆಂದು ನೋಡಿ ಗೆರೆ ಎಳೆಯಲಾಯಿತು. ಆ ಲೆಕ್ಕ ತಪ್ಪೋ ಸರಿಯೋ ಎಂಬ ವಾದವನ್ನು ಇಲ್ಲಿ ಮತ್ತೆ ಕೆದಕುವ ಇಚ್ಛೆ ನನಗಿಲ್ಲ. ಆದರೆ ಅಂದಿನಿಂದ ನಮ್ಮ ಸೀಮೆಯಲ್ಲಿ ಒಂದು ಮಾತು ಬೇರೂರಿದೆ: "ಇದು ತೆಲುಗರ ಊರು, ಕನ್ನಡಿಗರು ಹೊರಗಿನಿಂದ ಬಂದವರು." ಕಾಸರಗೋಡು, ತಾಳವಾಡಿ, ಜತ್ತ, ಅಕ್ಕಲಕೋಟೆಗಳಲ್ಲಿರುವ ತಾವೂ ಇಂಥ ಮಾತನ್ನು ಬೇರೆ ಬೇರೆ ಭಾಷೆಗಳಲ್ಲಿ ಕೇಳಿರುತ್ತೀರಿ. ಆದ್ದರಿಂದ ಆದವಾನಿಯೆಂಬ ಒಂದೇ ಊರನ್ನು ಹಿಡಿದು, ಅಲ್ಲಿಗೆ ಯಾರು ಯಾವಾಗ ಬಂದರು, ಯಾವ ಕಸುಬಿನಿಂದ ನೆಲೆನಿಂತರು ಎಂಬುದನ್ನು ತಮ್ಮ ಮುಂದಿಡುತ್ತೇನೆ.

ಆದವಾನಿ ಮೊದಲು ಕೋಟೆ, ಅನಂತರ ಊರು. ಬಾರಾಕಿಲ್ಲಾ, ತಾಳಿಬಂಡೆ ಮುಂತಾದ ಬೆಟ್ಟಗಳ ನೆತ್ತಿಯ ಮೇಲೆ ಹಬ್ಬಿದ ಆ ದುರ್ಗ ವಿಜಯನಗರದ ಅರಸರಿಗೆ ತುಂಗಭದ್ರೆಯ ದಕ್ಷಿಣಕ್ಕಿದ್ದ ಬಲವಾದ ಆಸರೆ. 1565ರ ಯುದ್ಧದಲ್ಲಿ ಸಾಮ್ರಾಜ್ಯ ಕುಸಿದ ಮೂರು ವರ್ಷಗಳಲ್ಲಿ ಅದು ಬಿಜಾಪುರದ ಆದಿಲಶಾಹಿಗಳ ವಶವಾಯಿತು. ಕೋಟೆಯಿದ್ದಲ್ಲಿ ದಂಡು, ದಂಡಿದ್ದಲ್ಲಿ ಪೇಟೆ. ಪೇಟೆಗೆ ನೇಕಾರ, ಕಂಚುಗಾರ, ಗಾಣಿಗ, ಲೆಕ್ಕಿಗ ಎಲ್ಲರೂ ಬೇಕು. ಹೀಗಾಗಿ ಇಂಥ ಊರಿನಲ್ಲಿ "ಮೂಲ ನಿವಾಸಿ" ಎಂಬ ಪದವನ್ನು ಬಳಸುವಾಗ ಕೊಂಚ ಎಚ್ಚರ ಬೇಕು. ಕೋಟೆ ಯಾರ ಕೈಗೆ ಹೋಯಿತೋ ಅವರ ಜನ ಬಂದು ಸೇರಿದರು. ಕೋಟೆ ಕೈಬದಲಾದಾಗ ಕೆಲವರು ಹೋದರು, ಬಹಳ ಮಂದಿ ಉಳಿದರು.

ಹಾಗೆ ಬಂದವರಲ್ಲಿ ಅತಿ ದೂರದವನು ಸಿದ್ದಿ ಮಸೂದ್ ಖಾನ್. ಅವನು ಹಬ್ಶಿ, ಎಂದರೆ ಆಫ್ರಿಕದ ಅಬಿಸೀನಿಯ ಮೂಲದವನು. ದಖ್ಖನಿನ ಸುಲ್ತಾನರ ಸೇನೆಗಳಲ್ಲಿ ಹಬ್ಶಿಗಳು ಗುಲಾಮರಾಗಿ ಬಂದು ಸರದಾರರಾಗಿ ಬೆಳೆದದ್ದು ಚರಿತ್ರೆಯ ಒಂದು ವಿಸ್ಮಯ. 1660ರಲ್ಲಿ ಪನ್ಹಾಳ ಕೋಟೆಯಲ್ಲಿ ಶಿವಾಜಿಯನ್ನು ಮುತ್ತಿದ ಕರ್ನೂಲಿನ ಸಿದ್ದಿ ಜೌಹರನ ಅಳಿಯ ಈ ಮಸೂದ್. ಆದವಾನಿಯ ಒಡೆತನ ವಹಿಸಿಕೊಂಡು, ಮುಂದೆ ಬಿಜಾಪುರದಲ್ಲೇ ರಾಜಪ್ರತಿನಿಧಿಯಾಗಿ ಆಡಳಿತ ನಡೆಸಿ, ಆಸ್ಥಾನದ ಒಳಜಗಳಕ್ಕೆ ಬೇಸತ್ತು ಮತ್ತೆ ಆದವಾನಿಗೇ ಬಂದು ನೆಲೆಸಿದ. ಊರಿನ ಭವ್ಯವಾದ ಜಾಮಿಯಾ ಮಸೀದಿ ಅವನದೇ. 1688ರಲ್ಲಿ ಮೊಗಲರ ಸೇನಾನಿ ಫಿರೋಜ್ ಜಂಗ್ ಕೋಟೆಯನ್ನು ಮುತ್ತಿದಾಗ, ಮಸೀದಿಗೆ ಫಿರಂಗಿ ಗುರಿಯಿಟ್ಟದ್ದನ್ನು ಕಂಡು ಅದನ್ನುಳಿಸಲೆಂದೇ ಮಸೂದ್ ಶರಣಾದನೆಂದು ಐತಿಹ್ಯ.

ಇದೇ ಆದವಾನಿಯ ನವಾಬನೇ ತುಂಗಭದ್ರೆಯ ದಡದ ಮಂಚಾಲೆ ಗ್ರಾಮವನ್ನು ಶ್ರೀ ರಾಘವೇಂದ್ರಸ್ವಾಮಿಗಳಿಗೆ ಬಿಟ್ಟುಕೊಟ್ಟನೆಂದೂ, ನಡುವೆ ನಿಂತವನು ದಿವಾನ ವೆಂಕಣ್ಣನೆಂದೂ ಮಠದ ಪರಂಪರೆ ಹೇಳುತ್ತದೆ. ಮಂಚಾಲೆಯೇ ಇಂದಿನ ಮಂತ್ರಾಲಯ. ಗುರುಗಳು 1671ರಲ್ಲಿ ವೃಂದಾವನಸ್ಥರಾದ ನೆಲ. ತಾವು ಒಂದು ಕ್ಷಣ ಯೋಚಿಸಿ ನೋಡಿ. ಆಫ್ರಿಕ ಮೂಲದ ಒಡೆಯ, ದಖ್ಖನಿ ಉರ್ದುವಿನ ದರಬಾರು, ಫಾರ್ಸಿಯ ದಾಖಲೆ, ಮನೆಯಲ್ಲಿ ಕನ್ನಡವಾಡುವ ಮಾಧ್ವರ ಮಠ, ತೆಲುಗು ಕನ್ನಡಗಳೆರಡನ್ನೂ ಆಡುವ ರೈತರು, ಇಷ್ಟೂ ಒಂದೇ ಸೀಮೆಯಲ್ಲಿ! ದಾಸಸಾಹಿತ್ಯದ ಎರಡನೆಯ ಘಟ್ಟವೂ ಈ ಮಣ್ಣಿಗೆ ಅಂಟಿಕೊಂಡಿದೆ. ವಿಜಯದಾಸರು 1755ರಲ್ಲಿ ದೇಹವಿಟ್ಟ ಚಿಪ್ಪಗಿರಿ ಆಲೂರು ಸೀಮೆಯದು, ಇಂದು ಆಂಧ್ರದ್ದು. ಕನ್ನಡ ಎಂ.ಎ. ತರಗತಿಯಲ್ಲಿ ದಾಸರ ಪದಗಳನ್ನು ಓದುವ ಎಷ್ಟೋ ವಿದ್ಯಾರ್ಥಿಗಳಿಗೆ ಈ ಸಂಗತಿ ತಿಳಿದಿರುವುದಿಲ್ಲ ಎಂಬುದು ನನ್ನ ಹಳೆಯ ಕೊರಗು.

ಹದಿನೆಂಟನೆಯ ಶತಮಾನದಲ್ಲಿ ನಿಜಾಮ್ ಅಲಿಯ ಸೋದರ ಬಸಾಲತ್ ಜಂಗ್ ಆದವಾನಿಯನ್ನು ಜಹಗೀರಾಗಿ ಆಳಿದ. ಅವನ ಪಡೆಯಲ್ಲಿ ಲಾಲಿ ಎಂಬ ಫ್ರೆಂಚ್ ಸರದಾರನೂ ಅವನ ಐರೋಪ್ಯ ಸಿಪಾಯಿಗಳೂ ಇದ್ದರು. ಅವರು ಮುಂದೆ ಹೈದರಾಲಿಯನ್ನು ಸೇರಿದರು. 1786ರಲ್ಲಿ ಟಿಪ್ಪು ಕೋಟೆಯನ್ನು ಗೆದ್ದು ಅದರ ಗೋಡೆಗಳನ್ನು ಕೆಡವಿಸಿದ. 1800ರಲ್ಲಿ ನಿಜಾಮ ಈ ಸೀಮೆಯನ್ನು ಕಂಪನಿಗೆ ಒಪ್ಪಿಸಿದ. ಥಾಮಸ್ ಮನ್ರೋ ಏಳು ವರ್ಷ ಇಲ್ಲಿ ಕಲೆಕ್ಟರಾಗಿ ಭೂಮಿ ಅಳೆಸಿದ. ಇಷ್ಟು ಸಾಕು, ಅರಸರ ಪಟ್ಟಿ ನಮಗೆ ಮುಖ್ಯವಲ್ಲ.

ಮುಖ್ಯವಾದದ್ದು ಅರಸರು ಹೋದ ಮೇಲೂ ಉಳಿದ ಜನ. ಅವರಲ್ಲಿ ದೊಡ್ಡ ಸಮುದಾಯ ಬೇಡರದು. ಕನ್ನಡದಲ್ಲಿ ಬೇಡ, ನಾಯಕ, ತೆಲುಗಿನಲ್ಲಿ ಬೋಯ, ಎರಡೂ ಕಡೆ ವಾಲ್ಮೀಕಿ. ದುರ್ಗಗಳ ಕಾಲಾಳುಗಳು, ಕಾವಲುಗಾರರು, ಕೆಲವೆಡೆ ಪಾಳೆಯಗಾರರು. ಮನೆಮಾತು ಒಂದು ಊರಿನಲ್ಲಿ ಕನ್ನಡ, ಪಕ್ಕದ ಊರಿನಲ್ಲಿ ತೆಲುಗು; ಸಂಬಂಧ ಬೆಳೆಸುವಾಗ ಈ ಭೇದವನ್ನು ಯಾರೂ ಎಣಿಸಿದವರಲ್ಲ. 1953ರ ಗೆರೆ ಈ ಒಂದೇ ಕುಲವನ್ನು ಎರಡಾಗಿ ಸೀಳಿತು. ಕರ್ನಾಟಕದಲ್ಲಿ ಬೇಡ, ವಾಲ್ಮೀಕಿ ಹೆಸರುಗಳು 1991ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದವು. ಆಂಧ್ರದ ಬಯಲುಸೀಮೆಯಲ್ಲಿ ಬೋಯರು ಇಂದಿಗೂ ಹಿಂದುಳಿದ ವರ್ಗ. ಸಿರುಗುಪ್ಪದ ಅಣ್ಣನ ಮಗನಿಗೆ ಒಂದು ಪ್ರಮಾಣಪತ್ರ, ಕೋಸಗಿಯ ತಂಗಿಯ ಮಗನಿಗೆ ಇನ್ನೊಂದು.

ಕುರುಬರ ಕಥೆಯೂ ಸುಮಾರಾಗಿ ಇಂಥದೇ. ಆಂಧ್ರದಲ್ಲಿ ಅವರನ್ನು ಕುರುಬ, ಕುರುಮ ಎಂದು ಕರೆದರೂ ಕಂಬಳಿ ಒಂದೇ. ನೇಕಾರರಲ್ಲಿ ಕುರುಹಿನಶೆಟ್ಟಿಗಳು ಕನ್ನಡದವರು, ಅವರಲ್ಲಿ ಹಲವರು ಲಿಂಗಾಯತರು; ತೊಗಟರು ತೆಲುಗಿನವರು; ದೇವಾಂಗರಲ್ಲಿ ಎರಡೂ ಉಂಟು. ಆದವಾನಿಯ ಹೆಸರುವಾಸಿ ಹತ್ತಿಯ ಜಮಖಾನಗಳನ್ನು ನೇಯುತ್ತಿದ್ದವರು ಉರ್ದು ಮನೆಮಾತಿನ ಮುಸ್ಲಿಮರು. ಪೇಟೆಯಲ್ಲಿ ಬಣಜಿಗರ ಅಂಗಡಿ, ಕೋಮಟಿಗರ ಅಂಗಡಿ ಎದುರುಬದುರು. ಕಚೇರಿಗಳ ಲೆಕ್ಕಪತ್ರದಲ್ಲಿ ಮರಾಠಿ ಬಲ್ಲ ದೇಶಸ್ಥರು. 1871ರಲ್ಲಿ ಮದರಾಸಿನ ರೈಲು ರಾಯಚೂರು ಮುಟ್ಟಿ ಮುಂಬಯಿಯೊಡನೆ ಬೆಸೆದುಕೊಂಡಿತು. ಆದವಾನಿ ಆ ದಾರಿಯಲ್ಲೇ ಇತ್ತು. ಕರಿಮಣ್ಣಿನ ಹತ್ತಿಗೆ ಬೆಲೆ ಬಂದಿತು, ಜಿನ್ನುಗಳು ಎದ್ದವು, ಮಾರವಾಡಿ ವ್ಯಾಪಾರಿಗಳು ಬಂದು ಮನೆ ಕಟ್ಟಿದರು. ನಡುವೆ 1876ರಿಂದ 78ರ ವರೆಗಿನ ಬರ ಬಳ್ಳಾರಿ ಸೀಮೆಯ ಜನರಲ್ಲಿ ಸುಮಾರು ಐದರಲ್ಲಿ ಒಂದು ಪಾಲನ್ನು ಅಳಿಸಿಹಾಕಿತು. ಹಳ್ಳಿಗಳು ಬರಿದಾದವು, ಅಳಿದುಳಿದವರು ಕೂಲಿ ಹುಡುಕುತ್ತ ಊರು ಬಿಟ್ಟರು. 1901ರಲ್ಲಿ ಆದವಾನಿ ಮೂವತ್ತು ಸಾವಿರ ಜನರ ಸಣ್ಣ ಪಟ್ಟಣ. ಆ ಮೂವತ್ತು ಸಾವಿರದಲ್ಲಿ "ಹೊರಗಿನವರು" ಯಾರೆಂದು ಬೆರಳು ತೋರಿಸಲು ಹೊರಟರೆ, ಪ್ರತಿ ಬೆರಳೂ ಯಾವುದೋ ಒಂದು ಕಾಲದಲ್ಲಿ ಬಂದವರ ಬೆರಳೇ.

ಈ ಚರಿತ್ರೆಯಿಂದ ಪಾಲಕರಾದ ತಮಗೆ ತಿಳಿಯಬೇಕಾದದ್ದು ಇದು. ಜಾತಿಯ ಹೆಸರಿನಿಂದ ನುಡಿಯನ್ನು ಊಹಿಸಲು ಬರುವುದಿಲ್ಲ; ಆದರೂ ನಮ್ಮ ದಾಖಲೆಗಳಲ್ಲಿ ನಡೆಯುವುದು ಬಹುಮಟ್ಟಿಗೆ ಆ ಊಹೆಯೇ. ಬೋಯ ಎಂದು ಜಾತಿ ಬರೆಸಿದ ಮಗುವಿಗೆ ಮಾತೃಭಾಷೆಯ ಅಂಕಣದಲ್ಲಿ ಕೇಳದೆಯೇ "ತೆಲುಗು" ಎಂದು ಬೀಳುತ್ತದೆ. ಮುಸ್ಲಿಮರಿಗೆ "ಉರ್ದು" ಎಂದು ಬೀಳುತ್ತದೆ, ಕನ್ನಡದಲ್ಲೇ ಕನಸು ಕಾಣುವ ಮಗುವಾದರೂ ಸರಿ. ನಾನು ಕೆಲಸ ಮಾಡಿದ ಶಾಲೆಯೊಂದರ ಹಳೆಯ ದಾಖಲಾತಿ ಪುಸ್ತಕಗಳನ್ನು ತಿರುವಿಹಾಕಿದಾಗ, ಒಂದೇ ತಾಯಿಯ ಮೂರು ಮಕ್ಕಳಿಗೆ ಮೂರು ವರ್ಷಗಳಲ್ಲಿ ಎರಡು ಮಾತೃಭಾಷೆಗಳು ನಮೂದಾಗಿದ್ದವು!

ಜನಗಣತಿಯ ನಿಯಮ ಸ್ಪಷ್ಟವಾಗಿದೆ. ಬಾಲ್ಯದಲ್ಲಿ ತಾಯಿ ಮಗುವಿನೊಡನೆ ಆಡಿದ ನುಡಿಯೇ ಮಾತೃಭಾಷೆ. ತಂದೆಯ ಕುಲವಾಗಲಿ ಊರಿನ ರಾಜ್ಯವಾಗಲಿ ಅಲ್ಲಿ ಲೆಕ್ಕಕ್ಕಿಲ್ಲ. ಸಿರುಗುಪ್ಪದಿಂದ ಕೋಸಗಿಗೆ ಸೊಸೆಯಾಗಿ ಬಂದ ತಾಯಿ ಕೂಸನ್ನು ಕನ್ನಡದಲ್ಲಿ ಆಡಿಸಿದ್ದರೆ, ಮನೆಯ ಗಂಡಸರು ತೆಲುಗಾಡಿದರೂ ಆ ಕೂಸಿನ ಮಾತೃಭಾಷೆ ಕನ್ನಡ. ಬಲ್ಲ ಬೇರೆ ನುಡಿಗಳನ್ನು, ಎರಡರವರೆಗೆ, ಬರೆಸಲು ಪ್ರತ್ಯೇಕ ಪ್ರಶ್ನೆಯಿದೆ. ತೆಲುಗು ಉರ್ದುಗಳಿಗೆ ಅಲ್ಲಿ ಜಾಗವುಂಟು. 2027ರ ಜನಗಣತಿಯಲ್ಲಿ, 1931ರ ಅನಂತರ ಮೊದಲ ಬಾರಿಗೆ, ಎಲ್ಲರ ಜಾತಿಯನ್ನೂ ಎಣಿಸಲಾಗುತ್ತದೆ. ಜಾತಿ ಬರೆಸಿದೊಡನೆ ನುಡಿಯ ಅಂಕಣ ತಾನಾಗಿ ತುಂಬಿಹೋಗದಂತೆ ಆ ಹೊತ್ತು ಮನೆಯಲ್ಲಿದ್ದವರು ನೋಡಿಕೊಳ್ಳಬೇಕಾದೀತು. ಉತ್ತರ ಕೊಡುವವರು ಗಂಡಸರೇ ಆಗಿದ್ದಲ್ಲಿ ತಾಯಂದಿರನ್ನೊಮ್ಮೆ ಕೇಳಿ ಹೇಳಲಿ.

ಶಾಲೆಯ ಮಟ್ಟದಲ್ಲಿ ಸಂಖ್ಯೆಗಳು ಇನ್ನೂ ಚಿಕ್ಕವು. 1949ರಲ್ಲಿ ಪ್ರಾಂತಗಳ ಶಿಕ್ಷಣ ಸಚಿವರ ಸಮ್ಮೇಳನ ಒಪ್ಪಿದ ಸೂತ್ರದಂತೆ, ಇಡೀ ಶಾಲೆಯಲ್ಲಿ 40 ಅಥವಾ ಒಂದು ತರಗತಿಯಲ್ಲಿ 10 ಮಕ್ಕಳು ಬೇರೆ ಮಾತೃಭಾಷೆಯವರಿದ್ದರೆ, ಪ್ರಾಥಮಿಕ ಹಂತದಲ್ಲಿ ಆ ಭಾಷೆಯಲ್ಲೇ ಕಲಿಸಲು ಒಬ್ಬ ಶಿಕ್ಷಕರನ್ನು ಒದಗಿಸಬೇಕು. 1956ರಲ್ಲಿ ಸಂವಿಧಾನಕ್ಕೆ ಸೇರಿದ 350ಎ ವಿಧಿ, ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣದ ಸೌಲಭ್ಯ ಕಲ್ಪಿಸುವ ಹೊಣೆಯನ್ನು ಪ್ರತಿ ರಾಜ್ಯದ ಮೇಲೂ ಸ್ಥಳೀಯ ಸಂಸ್ಥೆಗಳ ಮೇಲೂ ಹೊರಿಸಿದೆ. ಭಾಷಾ ಅಲ್ಪಸಂಖ್ಯಾತರ ರಕ್ಷಣೆಯ ಯೋಜನೆಯಲ್ಲಿ ಇನ್ನೊಂದು ಏರ್ಪಾಡೂ ಇದೆ: ಶಾಲಾವರ್ಷಕ್ಕೆ ಮೊದಲೇ ಅಂಥ ಮಕ್ಕಳ ಹೆಸರುಗಳನ್ನು ಬರೆದುಕೊಳ್ಳುವ ಮುಂಗಡ ನೋಂದಣಿ ಪುಸ್ತಕ. ಅದನ್ನು ಕೇಳುವವರಿಲ್ಲದೆ ಹಲವೆಡೆ ತೆರೆದೇ ಇಲ್ಲ. ತಮ್ಮ ಓಣಿಯಲ್ಲಿ ಬರುವ ಜೂನ್‌ಗೆ ಒಂದನೆಯ ತರಗತಿಗೆ ಸೇರುವ, ಮನೆಯಲ್ಲಿ ಕನ್ನಡವಾಡುವ ಮಕ್ಕಳ ಪಟ್ಟಿಯನ್ನು ಈಗಲೇ ಮಾಡಿ. ಬೇಡರು, ಕುರುಬರು, ಲಿಂಗಾಯತರು, ಮಾದಿಗರು, ಮುಸ್ಲಿಮರು, ಬ್ರಾಹ್ಮಣರು ಯಾರೇ ಇರಲಿ, ಹೆಸರು ಬಿಡಬೇಡಿ. ತಾಯಿಯ ಸಹಿ ಹಾಕಿಸಿ, ಮಾರ್ಚ್ ಮುಗಿಯುವುದರೊಳಗೆ ಮುಖ್ಯೋಪಾಧ್ಯಾಯರಿಗೆ ಒಂದು ಪ್ರತಿ, ಮಂಡಲ ಶಿಕ್ಷಣಾಧಿಕಾರಿಗಳಿಗೆ ಒಂದು ಪ್ರತಿ ಕೊಟ್ಟು ಸ್ವೀಕೃತಿ ಪಡೆಯಿರಿ.